ಹಿಂದಿನ ಖೋಲಿಯ ಬೆಳಕಿನ ಎಳೆ

ಗೋಕಾಕದ ನಮ್ಮ ಮನೆಯಲ್ಲಿ ಹಿಂದಿನ ಖೋಲಿಯ ಸಲುವಾಗಿ ಎರಡು ಪಕ್ಷಗಳಿದ್ದವು. ಒಂದರಲ್ಲಿ ನಾನೊಬ್ಬಳೇ. ಇನ್ನೊಂದರಲ್ಲಿ ನನ್ನ ಅತ್ತೆ ಮತ್ತು ಅವರ ಕಿರಿಯ ಮಗ, ಅಂದರೆ ನನ್ನ ಮೈದುನ. ಅವನದು ದನಗಳ ಹಿಂಡಿ-ಬೂಸಾದ ವ್ಯಾಪಾರ. ಚೀಲ ಇಡಲು ತಂಪಾದ, ಒಣಗಿದ, ಇಲಿ ಬಾರದ ಜಾಗ ಅವನಿಗೆ ಬೇಕಾಗಿತ್ತು. ನನಗೂ ಹೆಚ್ಚುಕಡಿಮೆ ಅಂಥದ್ದೇ ಜಾಗ ಬೇಕಿತ್ತು, ಅದರ ಜೊತೆಗೆ ನೆಲ ಅಲುಗಬಾರದಾಗಿತ್ತು. ನನ್ನ ಗಂಡ ಯಾವ ಪಕ್ಷಕ್ಕೂ ಸೇರಲಿಲ್ಲ. ಇಂಥ ಮಾತು ಎದ್ದ ಕೂಡಲೇ ಪೇಪರಿನಲ್ಲಿ ಮುಖ ಹುದುಗಿಸಿ ಕೂಡುವುದರಲ್ಲಿ ಅವರು ಪಳಗಿದವರು.

ನಾನು ಊರಿನ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತೇನೆ. ಕಲಿಸುತ್ತಲೇ ಪಿಎಚ್‌ಡಿಗೂ ಹೆಸರು ಹಚ್ಚಿದ್ದೆ. ನನ್ನ ವಿಷಯ, ದ್ರವ ಸ್ಫಟಿಕದೊಳಗೆ ಚದುರದೆ ತನ್ನನ್ನು ತಾನೇ ಕೂಡಿಸಿಕೊಂಡು ಸಾಗುವ ಬೆಳಕು. ಕಾಲೇಜಿನ ಲ್ಯಾಬು ರಸ್ತೆಗೆ ಅಂಟಿಕೊಂಡಿದೆ. ಕಬ್ಬಿನ ಹಂಗಾಮು ಬಂತೆಂದರೆ ಎರಡೆರಡು ಟ್ರೇಲರ್ ಎಳೆದುಕೊಂಡು, ಹಾಡು ಹಚ್ಚಿಕೊಂಡು ಟ್ರ್ಯಾಕ್ಟರುಗಳು ಹೊರಟಾಗ ಅಲ್ಲಿಯ ನೆಲವೆಲ್ಲ ಗಡಗಡ ಎನ್ನುತ್ತದೆ. ಕೂದಲೆಳೆಗಿಂತ ತೆಳುವಾದ ಬೆಳಕನ್ನು ಅಂಥ ನೆಲದ ಮೇಲೆ ನಿಲ್ಲಿಸುವುದು ಹೇಗೆ? ಪ್ರಿನ್ಸಿಪಾಲರನ್ನೂ ಗೈಡ್ ಸರ್ ಅವರನ್ನೂ ಕಾಡಿಬೇಡಿ ಒಪ್ಪಿಸಿ, ಲೇಸರು ಮತ್ತು ಹಳೆಯ ಸೂಕ್ಷ್ಮದರ್ಶಕವನ್ನು ಮನೆಗೆ ತಂದೆ. ಹಿಂದಿನ ಖೋಲಿಯಲ್ಲಿ ಸ್ಕೂಟರಿನ ಹಳೇ ಟ್ಯೂಬುಗಳಿಗೆ ಅರ್ಧ ಗಾಳಿ ತುಂಬಿ, ಅವುಗಳ ಮೇಲೆ ದಪ್ಪನೆಯ ಕಲ್ಲಿನ ಚಪ್ಪಡಿ ಮಲಗಿಸಿದೆ. ಅದೇ ನನ್ನ ಮೇಜು.

ಅತ್ತೆ ಇದನ್ನೆಲ್ಲ "ಆಟ" ಎನ್ನುತ್ತಿದ್ದರು. ಬೈಯುವ ದನಿಯಲ್ಲಿ ಅಲ್ಲ, ಇದ್ದದ್ದನ್ನು ಇದ್ದಂತೆ ಹೇಳುವ ದನಿಯಲ್ಲಿ. ಬಾಜೂ ಮನೆಯವರು "ಸೊಸಿ ಎಲ್ಲ್ಯದಾಳ್ರಿ?" ಎಂದು ಕೇಳಿದರೆ "ಒಳಗ ಆಡಾಕತ್ತಾಳ" ಎಂದುಬಿಡುತ್ತಿದ್ದರು. ಬೈದಿದ್ದರೆ ನಾನೂ ಎರಡು ಮಾತು ಆಡಬಹುದಿತ್ತು. ಹೀಗೆ ತಣ್ಣಗೆ ಹೇಳಿದ್ದಕ್ಕೆ ಏನು ಉತ್ತರ ಕೊಡುವುದು? ಅದು ನನ್ನನ್ನು ಉರಿಸುತ್ತಿತ್ತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತವರೂರು ಕುಲಗೋಡದಿಂದ ಹಿಡಿದು ಮೂಡಲಗಿಯ ಬಳಗದವರೆಗೆ ಎಲ್ಲರಿಗೂ ಗೊತ್ತು.

ಆ ಖೋಲಿಯಲ್ಲಿ ನಾನು ಏನು ಮಾಡುತ್ತಿದ್ದೆ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ. ಬೆಳಕಿನ ಸ್ವಭಾವ ಚದುರುವುದು. ಹೊಲದಲ್ಲಿ ಬ್ಯಾಟರಿ ಹಚ್ಚಿದರೆ ಕಾಲ ಬುಡದಲ್ಲಿ ತಟ್ಟೆಯಷ್ಟಿದ್ದ ಬೆಳಕು ಬದುವಿನ ಹತ್ತಿರ ರಾಶಿ ಮಾಡುವ ಕಣದಷ್ಟು ಅಗಲವಾಗಿ, ಮಸುಕಾಗಿ ಬೀಳುತ್ತದೆ. ಲೇಸರಿನ ಬೆಳಕನ್ನೂ ಬಹಳ ಸಣ್ಣದಾಗಿ ಹಿಡಿದು ಬಿಟ್ಟರೆ ಹೀಗೆಯೇ ಬೀಸಣಿಗೆಯಂತೆ ಬಿಚ್ಚಿಕೊಳ್ಳುತ್ತದೆ. ದ್ರವ ಸ್ಫಟಿಕವೆಂದರೆ ನಿಮ್ಮ ಮೊಬೈಲಿನ, ಟಿವಿಯ ಪರದೆಯಲ್ಲಿ ಇರುವಂಥ ಪದಾರ್ಥ. ನೋಡಲು ಮಬ್ಬು ಎಣ್ಣೆಯಂತೆ ಕಾಣುತ್ತದೆ, ಹರಿಯುತ್ತದೆ. ಆದರೆ ಅದರೊಳಗಿನ ಅಣುಗಳು ಉದ್ದನೆಯ ಕಡ್ಡಿಗಳು. ಬಣವೆಗೆ ಒಟ್ಟಿದ ಜೋಳದ ಕಣಿಕೆಯ ಹಾಗೆ ಎಲ್ಲವೂ ಒಂದೇ ದಿಕ್ಕಿಗೆ ಮಲಗಿರುತ್ತವೆ. ಕಣಿಕೆ ಅಲುಗುವುದಿಲ್ಲ, ಇವು ಅಲುಗುತ್ತವೆ. ಬೆಳಕು ಹಾಯುವಾಗ ಇವನ್ನು ಹಿಡಿದು ತುಸು ತಿರುಗಿಸುತ್ತದೆ.

ಸ್ವಾರಸ್ಯವಿರುವುದು ಇಲ್ಲಿಯೇ. ಕಡ್ಡಿಗಳು ತಿರುಗಿದ ಕಡೆ ಬೆಳಕಿನ ನಡಿಗೆ ನಿಧಾನವಾಗುತ್ತದೆ. ಬೆಳಕಿನ ನಡುಭಾಗ ಹೆಚ್ಚು ಪ್ರಖರ, ಅಲ್ಲಿ ಹೆಚ್ಚು ಕಡ್ಡಿಗಳು ತಿರುಗುತ್ತವೆ. ಹೀಗಾಗಿ ನಡುವಿನ ಬೆಳಕು ನಿಧಾನ, ಅಂಚಿನದು ಚುರುಕು. ಅಂಚಿನ ಬೆಳಕು ಒಳಕ್ಕೆ ಬಾಗುತ್ತದೆ. ಮಸೂರ ಮಾಡುವ ಕೆಲಸವೂ ಇದೇ. ಇಲ್ಲಿ ಮಸೂರವನ್ನು ಯಾರೂ ಇಟ್ಟಿಲ್ಲ, ಬೆಳಕು ಹೋಗುತ್ತ ಹೋಗುತ್ತ ತನಗೆ ಬೇಕಾದದ್ದನ್ನು ತಾನೇ ಮಾಡಿಕೊಳ್ಳುತ್ತದೆ. ಚದುರುವ ಚಟವೂ ಕೂಡುವ ಸೆಳೆತವೂ ಸಮಸಮವಾದಾಗ ಬೀಸಣಿಗೆ ಮಡಚಿ ಒಂದೇ ಎಳೆಯಾಗುತ್ತದೆ. ಒಮ್ಮೆಲೇ ಅಲ್ಲ. ಕಡ್ಡಿಗಳು ತಿರುಗಲು ಹೊತ್ತು ಬೇಕು. ಮೊದಲು ಹಸಿರು ಮಂಜು ಕಾಣುತ್ತದೆ, ಒಂದೆರಡು ಉಸಿರು ತಡೆದರೆ ಅದು ಕೂಡಿಕೊಳ್ಳುತ್ತ ಬಂದು ನೆಟ್ಟಗೆ ನಿಲ್ಲುತ್ತದೆ. ಮೊದಲ ಸಲ ಅದನ್ನು ಕಂಡ ದಿನ ನಾನು ಅತ್ತುಬಿಟ್ಟೆ. ಹೇಳಿಕೊಳ್ಳಲು ಮನೆಯಲ್ಲಿ ಒಬ್ಬರೂ ಇರಲಿಲ್ಲ.

ಬೆಳಕು ಕಡಿಮೆಯಾದರೆ ಕಡ್ಡಿಗಳು ಕೇರ್ ಮಾಡುವುದಿಲ್ಲ. ಹೆಚ್ಚಾದರೆ ಎಳೆ ಹಾವಿನ ಹಾಗೆ ಹೊರಳಾಡುತ್ತದೆ. ಇನ್ನೂ ಒಂದು ಕಟ್ಟುಪಾಡಿದೆ. ಬೆಳಕಿನ ಅಲೆ ತೂಗಾಡುವ ದಿಕ್ಕೊಂದಿದೆ, ಅದು ಕಡ್ಡಿಗಳು ವಾಲಿದ ಕಡೆಗೇ ತೂಗಬೇಕು. ಅಡ್ಡ ತೂಗಿದರೆ ಎಷ್ಟೇ ಬೆಳಕು ಸುರಿದರೂ ಅವು ಮಿಸುಕುವುದಿಲ್ಲ. ಇಷ್ಟೆಲ್ಲ ಹೊಂದಿಕೆಯಾದ ಮೇಲೆ ಒಂದು ಉಪಕಾರವೂ ಉಂಟು. ಒಂದು ಕಡ್ಡಿ ತಿರುಗಿದರೆ ಪಕ್ಕದ್ದನ್ನೂ ಎಳೆಯುತ್ತದೆ, ಅದು ಅದರ ಪಕ್ಕದ್ದನ್ನು. ಹೀಗೆ ಬೆಳಕು ಮುಟ್ಟದ ಜಾಗದಲ್ಲೂ ಅದರ ಪ್ರಭಾವ ಹರಡಿರುತ್ತದೆ, ಎಳೆ ಸ್ಥಿರವಾಗಿ ನಿಲ್ಲುವುದು ಅದರಿಂದಲೇ. ಎರಡು ಎಳೆಗಳನ್ನು ಸ್ವಲ್ಪ ಅಂತರದಲ್ಲಿ ಬಿಟ್ಟರೆ ಒಂದನ್ನೊಂದು ಮುಟ್ಟದೆಯೇ ಹತ್ತಿರ ಸರಿಯುತ್ತವೆ. ನಡುವಿನ ಕಡ್ಡಿಗಳು ಎರಡೂ ಕಡೆಯಿಂದ ತಿರುಗಿರುತ್ತವಲ್ಲ, ಅದಕ್ಕೆ. ಇದನ್ನು ನೋಡಿದಾಗ ಒಂದೇ ಸೂರಿನಡಿ ಇರುವ ಅತ್ತೆ-ಸೊಸೆಯ ನೆನಪು ನನಗೆ ಬಂದದ್ದುಂಟು. ಬಂದಷ್ಟೇ ಬೇಗ ತಳ್ಳಿಹಾಕಿದೆ. ಬೆಳಕಿಗೆ ಬಾಯಿ ಇಲ್ಲ, ನಮಗಿಬ್ಬರಿಗೂ ಇದೆ.

ನಮ್ಮ ಕಡೆ ದಸರೆಯ ಖಂಡೇನವಮಿಗೆ ಮನೆಯ ಹತ್ಯಾರಗಳಿಗೆಲ್ಲ ಪೂಜೆ. ಹತ್ಯಾರವೆಂದರೆ ದುಡಿಯುವ ಸಾಮಾನು. ಕುಡಗೋಲು, ಕೊಡಲಿ, ಈಳಿಗೆ, ಒನಕೆ, ಸ್ಕೂಟರು, ಮೈದುನನ ತಕ್ಕಡಿ, ನನ್ನ ಗಂಡನ ಕ್ಯಾಲ್ಕುಲೇಟರು, ಎಲ್ಲವನ್ನೂ ಅತ್ತೆ ತೊಳೆದು ಒರೆಸುತ್ತಿದ್ದರು. ವಿಭೂತಿಯನ್ನು ನೀರಲ್ಲಿ ತೇಯ್ದು ಮೂರು ಬೆರಳಿನಿಂದ ಬಳಿದು, ಚೆಂಡು ಹೂ ಏರಿಸುತ್ತಿದ್ದರು. ಮರುದಿನ ವಿಜಯದಶಮಿಗೆ ಬನ್ನಿ ಕೊಟ್ಟು ತೆಗೆದುಕೊಳ್ಳುವವರೆಗೆ ಆ ಹತ್ಯಾರಗಳನ್ನು ಯಾರೂ ಮುಟ್ಟುವಂತಿರಲಿಲ್ಲ. ಅವಕ್ಕೂ ವಿಶ್ರಾಂತಿ ಬೇಕು ಎಂಬುದು ಅವರ ಮಾತು. ನನ್ನ ಖೋಲಿಯ ಹೊಸ್ತಿಲಿಗೆ ಬಂದಾಗ ಮಾತ್ರ ಅವರ ಕೈಯಲ್ಲಿನ ತಾಟು ನಿಲ್ಲುತ್ತಿರಲಿಲ್ಲ, ಹಾಗೆಯೇ ದಾಟಿ ಬಚ್ಚಲಮನೆಯ ಕಡೆ ಹೋಗುತ್ತಿತ್ತು. ಬಚ್ಚಲಿನ ನೀರು ಕಾಯಿಸುವ ಕಾಯಿಲ್‌ಗೂ ವಿಭೂತಿ ಸಿಗುತ್ತಿತ್ತು, ನನ್ನ ಲೇಸರಿಗೆ ಇಲ್ಲ. ದೇವರು ದಿಂಡರು ಎಂದು ನಾನೇನೂ ಹಂಬಲಿಸುವವಳಲ್ಲ. ಆದರೂ ಪ್ರತಿವರ್ಷ ಆ ತಾಟು ದಾಟಿಹೋಗುವುದನ್ನು ಬಾಗಿಲ ಸಂದಿನಿಂದ ನೋಡುತ್ತಿದ್ದೆ.

ಆ ವರ್ಷ ಗೈಡ್ ಸರ್ ಕೊನೆಯ ಮಾತು ಹೇಳಿಬಿಟ್ಟರು. ನಾನು ಕಳಿಸಿದ ಚಿತ್ರಗಳು ಅವರಿಗೆ ಸಾಕಾಗಿರಲಿಲ್ಲ. ದಸರೆಗೆ ಹುಕ್ಕೇರಿಯಲ್ಲಿರುವ ತಮ್ಮ ತಂಗಿಯ ಮನೆಗೆ ಬರುವವರಿದ್ದರು. "ವಿಜಯದಶಮಿ ಮರುದಿನ ಗೋಕಾಕಕ್ಕ ಬರತೇನಿ. ಎಳೆ ನನ್ನ ಕಣ್ಣಿಗೆ ಬಿದ್ರ ಬರೆಯಾಕ ಶುರು ಮಾಡ್ರಿ. ಬೀಳಲಿಲ್ಲಂದ್ರ ಲೇಸರ್ ನನ್ನ ಕಾರಿನಾಗ ಹಾಕ್ರಿ, ಬ್ಯಾರೆ ಹುಡುಗರು ಕಾಯಾಕತ್ತಾರ" ಎಂದರು. ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಈ ಸುದ್ದಿ ಕಿವಿಗೆ ಬಿದ್ದದ್ದೇ ಮೈದುನ ತಾಯಿಯ ಹತ್ತಿರ ಕೂತ. ಲೇಸರು ಹೋದರೆ ಖೋಲಿ ತನಗೆ ಎಂದು ಅತ್ತೆಯ ಬಾಯಿಂದ ಹೇಳಿಸಿಕೊಂಡೇ ಎದ್ದ. ಅವನೆಂದರೆ ಅವರಿಗೆ ಪ್ರಾಣ. ನಾನು ಅಡುಗೆಮನೆಯಲ್ಲಿ ನಿಂತು ಎಲ್ಲ ಕೇಳಿಸಿಕೊಂಡೆ, ರೊಟ್ಟಿ ಮಾತ್ರ ಜೋರಾಗಿ ಬಡಿದೆ.

ನನಗೆ ಹೆದರಿಕೆ ಇರಲಿಲ್ಲ. ಮೇಜಿನ ಮೇಲೆ ಒಳ್ಳೆಯ ಕೋಶವೊಂದು ಸಿದ್ಧವಾಗಿತ್ತು. ಕೋಶವೆಂದರೆ ಎರಡು ಗಾಜಿನ ತುಂಡು, ನಡುವೆ ಕೂದಲೆಳೆಯಷ್ಟು ಸಂದು, ಆ ಸಂದಿನಲ್ಲಿ ದ್ರವ ಸ್ಫಟಿಕದ ಹನಿ. ಅದರಲ್ಲಿ ಎಳೆ ದಿನಾ ಕರೆದಾಗ ಬರುತ್ತಿತ್ತು. ಎಲ್ಲ ಸರಿ ಇದೆ ಎಂಬ ಧೈರ್ಯದಲ್ಲಿ ನವಮಿಯ ದಿನ ಬಸ್ಸು ಹತ್ತಿ ಕುಲಗೋಡಕ್ಕೆ ಹೋಗಿ, ತಮ್ಮನ ಮಕ್ಕಳನ್ನು ಮಾತಾಡಿಸಿಕೊಂಡು, ಹೋಳಿಗೆ ಉಂಡು, ಮರುದಿನ ಬೆಳಿಗ್ಗೆ ತಿರುಗಿ ಬಂದೆ.

ಖೋಲಿಯ ಬಾಗಿಲು ತೆಗೆದರೆ ಊದುಬತ್ತಿಯ ವಾಸನೆ. ಕಲ್ಲು ಥಳಥಳ ತೊಳೆದಿತ್ತು. ಲೇಸರಿನ ಮೇಲೆ ಚೆಂಡು ಹೂವಿನ ಸರ. ಸೂಕ್ಷ್ಮದರ್ಶಕಕ್ಕೆ ಮೂರು ಗೆರೆ ವಿಭೂತಿ. ನಡುವೆ ನನ್ನ ಕೋಶ, ಅದಕ್ಕೂ ಅಂಚಿನಿಂದ ಅಂಚಿಗೆ ಅಚ್ಚುಕಟ್ಟಾಗಿ ಮೂರು ಗೆರೆ. ವಿಭೂತಿಯ ನೀರು ಗಾಜಿನ ಸಂದಿನೊಳಗೆ ತಾನೇ ಹೀರಿಕೊಂಡು ಇಳಿದಿತ್ತು. ಸ್ಫಟಿಕದಲ್ಲಿ ಬಿಳಿ ಮೋಡ ಎದ್ದಿತ್ತು. ಮತ್ತೆ ಸರಿಮಾಡಲು ಬಾರದ ಹಾಗೆ ಕೆಟ್ಟಿತ್ತು.

ನಾನು ಕೂಗಿದ್ದು ಓಣಿಗೆಲ್ಲ ಕೇಳಿಸಿತು. "ಅತ್ಯಾರ! ಇದನ್ನ್ಯಾಕ ಮುಟ್ಟಿದ್ರಿ? ಮುಟ್ಟಬ್ಯಾಡ್ರಿ ಅಂತ ಎಷ್ಟ ಸಲ ಹೇಳೇನಿ! ನಾಳೆ ಸರ್ ಬರತಾರ, ಅವರಿಗೆ ಏನ ತೋರಸಲಿ, ವಿಭೂತಿ ತೋರಸಲ್ಯಾ?"

ಅತ್ತೆ ಅಂಗಳದಿಂದ ಕೈ ಒರೆಸಿಕೊಳ್ಳುತ್ತ ಬಂದರು. "ಹತ್ಯಾರಕ್ಕ ಪೂಜಿ ಮಾಡಿದ್ನಿ" ಎಂದರು.

"ಇಷ್ಟ ವರ್ಷ ಮಾಡಿರಲಿಲ್ಲಲ್ಲ? ಇದೊಂದ ವರ್ಷ ಬೇಕಾಗಿತ್ತೇನ್ರಿ?"

"ಇಷ್ಟ ವರ್ಷ ಅದು ಹತ್ಯಾರ ಅಂತ ನನಗ ಅನಸಿರಲಿಲ್ಲ ಯವ್ವಾ" ಎಂದು ಹೇಳಿ ಅವರು ಒಳಗೆ ಹೋದರು.

ನಾನು ಎಷ್ಟೋ ವರ್ಷದಿಂದ ಕಾದಿದ್ದ ಮಾತು ಅದು. ಬಂದದ್ದು ಇಂಥ ಹೊತ್ತಿನಲ್ಲಿ, ಕೋಶವನ್ನು ಹಾಳುಮಾಡಿಕೊಂಡು ಬಂತು. ಹಿಗ್ಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ತಿಳಿಯದೆ ಕೆಟ್ಟ ಕೋಶವನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಸಿಟ್ಟಂತೂ ಇಳಿಯಲಿಲ್ಲ. ಇಳಿಯಬೇಕಾಗಿತ್ತು ಎಂದು ಈಗಲೂ ಅನ್ನಿಸುವುದಿಲ್ಲ. ಕೆಟ್ಟದ್ದು ಕೆಟ್ಟದ್ದೇ, ಯಾರ ಮನಸ್ಸು ಎಷ್ಟು ಚೊಕ್ಕಟವಿದ್ದರೂ.

ಹೊಸ ಕೋಶ ಮಾಡುವುದೊಂದೇ ದಾರಿ. ಬನ್ನಿ ಮುಗಿಯುವ ಮೊದಲೇ ಹತ್ಯಾರ ಮುಟ್ಟಿದೆ, ಯಾರೂ ಬೇಡವೆನ್ನಲಿಲ್ಲ. ಲೇಪ ಹಚ್ಚಿಟ್ಟ ಗಾಜುಗಳು ಡಬ್ಬಿಯಲ್ಲಿದ್ದವು. ಅವನ್ನು ಮಖಮಲ್ಲಿನ ಬಟ್ಟೆಯಿಂದ ಉಜ್ಜಬೇಕು. ಒಂದೇ ದಿಕ್ಕಿಗೆ, ಒಂದೇ ಹದಕ್ಕೆ. ಹಿಂದಕ್ಕೆ ಒಮ್ಮೆಯೂ ಕೈ ಎಳೆಯಬಾರದು. ಆ ಉಜ್ಜಿದ ದಿಕ್ಕಿಗೇ ಕಡ್ಡಿಗಳು ಮಲಗುವುದು. ಸಿಟ್ಟಿನ ಕೈಯಲ್ಲಿ ಇದೆಲ್ಲ ನಡೆಯುವ ಮಾತಲ್ಲ. ಮೊದಲ ಜೋಡಿ ಗಾಜಿನ ಮೇಲೆ ಗೀರುಗಳೆದ್ದವು. ಬಟ್ಟೆ ಕೆಳಗಿಟ್ಟು ಹಿತ್ತಲಿಗೆ ಹೋಗಿ ಮುಖಕ್ಕೆ ನೀರು ಹೊಡೆದುಕೊಂಡೆ. ಅಡುಗೆಮನೆಯ ಕಿಟಕಿಯಲ್ಲಿ ಅತ್ತೆ ಕಂಡರು, ಇಬ್ಬರೂ ಬೇರೆ ಕಡೆ ನೋಡಿದೆವು. ಎರಡನೇ ಜೋಡಿ ಚೆನ್ನಾಗಿ ಬಂತು. ಜೋಡಿಸಿ ಅಂಟು ಹಾಕಿ ಒಣಗಲು ಇಟ್ಟೆ.

ಸಂಜೆ ಎಲ್ಲರೂ ಬನ್ನಿ ಹಿಡಿದು ಮನೆಮನೆಗೆ ತಿರುಗಾಡಿದರು. ವರ್ಷವೆಲ್ಲ ಮಾತು ಬಿಟ್ಟವರೂ ಆ ಸಂಜೆ ಎಲೆ ಕೊಟ್ಟು "ಬಂಗಾರದಂಗ ಇರೂಣು" ಎನ್ನುವುದು ಪದ್ಧತಿ. ನಾನೂ ಅತ್ತೆಯ ಕೈಗೆ ಎಲೆ ಇಟ್ಟು ಕಾಲು ಮುಟ್ಟಿದೆ. ಅವರು ತಲೆ ಮೇಲೆ ಕೈ ಇಟ್ಟರು.

ಮರುದಿನ ಮಧ್ಯಾಹ್ನ ಹನಿ ತುಂಬಿಸಿ ಮುಗಿಸುವಷ್ಟರಲ್ಲಿ ಗೈಡ್ ಸರ್ ಅವರ ಕಾರು ಬಂದು ನಿಂತಿತು. ದಾರಿಯಲ್ಲಿ ಹಬ್ಬದ ವಾಹನಗಳ ಸಾಲು ಸಿಕ್ಕಿ ತಡವಾಗಿತ್ತಂತೆ. ಕತ್ತಲಾಗುವುದರೊಳಗೆ ಹುಕ್ಕೇರಿಗೆ ಮರಳಬೇಕು ಎಂದು ಬಾಗಿಲಲ್ಲೇ ಹೇಳಿದರು. ಮೈದುನನೂ ಅಂಗಡಿ ಬಿಟ್ಟು ಬಂದು ಪಡಸಾಲೆಯಲ್ಲಿ ಕೂತಿದ್ದ. ನಾನು ಖೋಲಿಯ ಕಿಟಕಿ ಮುಚ್ಚಿ ಲೇಸರು ಹಚ್ಚಿದೆ. ಹೊಸ ಕೋಶವನ್ನು ನಾನೂ ಇನ್ನೂ ಪರೀಕ್ಷಿಸಿರಲಿಲ್ಲ, ಸರ್ ಎದುರಿಗೇ ಮೊದಲ ಸಲ.

ಸೂಕ್ಷ್ಮದರ್ಶಕಕ್ಕೆ ಹಚ್ಚಿದ ಕ್ಯಾಮೆರಾದ ಪರದೆಯ ಮೇಲೆ ಹಸಿರು ಮಂಜು ಮೂಡಿತು. ಕಾದೆವು. ಮಂಜು ಮಂಜಾಗಿಯೇ ಉಳಿಯಿತು. ಬೆಳಕು ಹೆಚ್ಚಿಸಿದೆ, ಬೀಸಣಿಗೆ ಇನ್ನಷ್ಟು ಬೆಳಗಿತು, ಮಡಚಲಿಲ್ಲ. ಕೋಶವನ್ನು ಸರಿಸಿದೆ, ಮಸೂರ ಹಿಂದೆಮುಂದೆ ಮಾಡಿದೆ, ಕೋಶಕ್ಕೆ ಕೊಡುವ ವೋಲ್ಟೇಜು ಬದಲಿಸಿದೆ. ಸರ್ ಕೇಳಿದರು, "ಬೆಳಕು ತೂಗೂ ದಿಕ್ಕು ಬರೋಬ್ಬರಿ ಐತೇನ್ರಿ?"

"ಅದನ್ನ ಒಮ್ಮೆ ಕೂಡಿಸಿದ ಮ್ಯಾಲ ನಾ ಮುಟ್ಟೇ ಇಲ್ರಿ ಸರ್" ಎಂದೆ. ನಿಜವೇ ಹೇಳಿದ್ದೆ. ಬೆಳಕು ತೂಗುವ ದಿಕ್ಕನ್ನು ಬದಲಿಸುವುದು ಲೇಸರಿನ ಮುಂದೆ ಕೂಡಿಸಿದ, ತಿರುಗುವ ಕಪ್ಪು ಬಳೆ. ಮುಟ್ಟದ್ದರ ಮೇಲೆ ಯಾರಿಗೆ ಸಂಶಯ ಬರುತ್ತದೆ?

ಸರ್ ನಿಟ್ಟುಸಿರುಬಿಟ್ಟರು. "ಹಂಗಾದ್ರ ಗಡಿಬಿಡ್ಯಾಗ ಮಾಡಿದ ಕೋಶ, ಅಣುಗಳು ಸಾಲು ಹಿಡಿದಿಲ್ಲ. ಇರಲಿ ಬಿಡ್ರಿ. ನಿಮ್ಮ ಪ್ರಯತ್ನದಾಗ ಕಡಿಮಿ ಏನಿಲ್ಲ" ಎಂದು ಎದ್ದು ನಿಂತರು. ಆ ಸಮಾಧಾನದ ಮಾತು ಕೇಳಿ ನನ್ನ ಕಣ್ಣು ತುಂಬಿ ಬಂತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಪಡಸಾಲೆಯಲ್ಲಿ ಕುರ್ಚಿ ಸರಿದ ಸಪ್ಪಳವಾಯಿತು, ಮೈದುನನೂ ಎದ್ದಿದ್ದ.

ಆಗ ನನ್ನ ಬೆನ್ನ ಹಿಂದೆ ಅತ್ತೆಯ ದನಿ ಕೇಳಿತು. ಎಷ್ಟು ಹೊತ್ತಿನಿಂದ ಬಾಗಿಲಲ್ಲಿ ನಿಂತಿದ್ದರೋ ಗೊತ್ತಿಲ್ಲ.

"ಸರ, ಒಂದ ಮಾತ್ರಿ. ಆ ಕರೀ ಬಳಿ ಐತಲ್ರಿ, ನಾ ಮೊನ್ನಿ ಒರಸೂ ಮುಂದ ಗರಕ್ ಅಂತ ತಿರಗ್ತರಿ. ಹೊಳ್ಳಿ ಹೆಂಗ ಇತ್ತೋ ಹಂಗ ಇಡಾಕ ನನಗ ತಿಳೀಲಿಲ್ಲ. ತಪ್ಪು ನಂದರಿ, ಆಕೀದಲ್ಲ."

ಪಡಸಾಲೆಯಿಂದ ಮೈದುನ "ಅವ್ವಾ" ಎಂದ. ಅತ್ತೆ ಆ ಕಡೆ ತಿರುಗಲಿಲ್ಲ. ಅವರ ಕಿವಿಗಳು ಕೆಂಪಾಗಿದ್ದವು. ಪರಪುರುಷರ ಎದುರು ಜಾಸ್ತಿ ಮಾತಾಡದ ಹೆಂಗಸು ಅವರು. ಆವತ್ತಿನವರೆಗೆ ಯಾರೆದುರಿಗೂ ತಮ್ಮ ತಪ್ಪು ಎಂದದ್ದನ್ನು ನಾನು ಕೇಳಿರಲಿಲ್ಲ. ಸುಮ್ಮನೆ ನಿಂತಿದ್ದರೆ ಸಾಕಾಗಿತ್ತು. ಲೇಸರು ಕಾರು ಹತ್ತುತ್ತಿತ್ತು, ಖೋಲಿ ಅವರ ಮುದ್ದಿನ ಮಗನ ಪಾಲಾಗುತ್ತಿತ್ತು, ಬಳೆ ತಿರುಗಿದ್ದು ನನಗೆ ಎಂದೂ ಗೊತ್ತಾಗುತ್ತಿರಲಿಲ್ಲ.

ನಾನು ಬಳೆ ತಿರುಗಿಸಿದೆ, ಸ್ವಲ್ಪ ಸ್ವಲ್ಪವೇ. ಮಂಜಿನ ಅಂಚುಗಳು ಒಳಕ್ಕೆ ಸರಿಯತೊಡಗಿದವು. ಬೀಸಣಿಗೆ ಮಡಚುತ್ತ ಬಂತು. ಸರ್ ನಿಂತಲ್ಲೇ ಬಾಗಿದರು. ಮತ್ತೊಂದು ಕೂದಲಿನಷ್ಟು ತಿರುಗಿಸಿ ಕೈ ತೆಗೆದೆ. ಉಸಿರು ಹಿಡಿದು ನಿಂತೆವು. ಹಸಿರು ಬೆಳಕು ಕೂಡಿ ಕೂಡಿ ತೆಳ್ಳಗಾಗಿ, ಪರದೆಯ ಈ ತುದಿಯಿಂದ ಆ ತುದಿಗೆ ಒಂದೇ ಎಳೆಯಾಗಿ ನಿಂತಿತು.

"ಬಂತ್ರಿ, ಬಂತು!" ಎಂದರು ಸರ್. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. ಲೇಸರು ನಂದಿಸಿ ಮತ್ತೊಮ್ಮೆ ಹಚ್ಚಿಸಿ ನೋಡಿದರು, ಆಗಲೂ ಬಂತು. ಬರೆಯಲು ಶುರುಮಾಡಿ ಎಂದು ನನಗೆ ಹೇಳಿದರು. ಆಮೇಲೆ ಬಾಗಿಲ ಕಡೆ ತಿರುಗಿ "ನೀವೂ ಬಂದು ನೋಡ್ರಿ ಯಮ್ಮಾ" ಎಂದು ಕರೆದರು.

ಅತ್ತೆ ಹೊಸ್ತಿಲು ದಾಟಿ ಬಂದರು. ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡಿದ್ದರು, ಏನನ್ನಾದರೂ ಮುಟ್ಟೀತು ಎಂಬ ಅಂಜಿಕೆಯಿಂದ. ಆ ಕೈಗಳನ್ನು ನೋಡಿ ನನಗೆ ಸಂಕಟವಾಯಿತು. ದಿನಾ ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಹಿಡಿದು ದಿಟ್ಟಿಸುವಾಗ ಹೇಗೆ ಮಿಸುಕದೆ ಕೂಡುತ್ತಾರೋ ಹಾಗೆ ನಿಂತು ಆ ಎಳೆಯನ್ನು ಬಹಳ ಹೊತ್ತು ನೋಡಿದರು. ತಿಳಿಯಿತೇ ಎಂದು ಸರ್ ಕೇಳಿದರು. "ಇಲ್ರಿ, ತಿಳೀಲಿಲ್ಲ" ಎಂದರು ಅತ್ತೆ, ಯಾವ ಸಂಕೋಚವೂ ಇಲ್ಲದೆ. ನಾನು ಅವರ ಹಿಂದೆ ಕಟ್ಟಿದ ಕೈಗಳನ್ನು ಬಿಡಿಸಿ ನನ್ನ ಕೈಯಲ್ಲಿ ಹಿಡಿದುಕೊಂಡೆ. ಅವರು ಬಿಡಿಸಿಕೊಳ್ಳಲಿಲ್ಲ.

ಸರ್ ಅವರಿಗೆ ಚಹಾ ಮಾಡಲು ಅತ್ತೆ ಒಳಗೆ ಹೊರಟರು. ಪಡಸಾಲೆಯಲ್ಲಿ ಮೈದುನ ಮುಖ ಊದಿಸಿಕೊಂಡು ನಿಂತಿದ್ದ. "ಅಲ್ಲ ಅವ್ವಾ, ನನ್ನ ಚೀಲಾ ಎಲ್ಲಿ ಇಡಲಿ ಈಗ?" ಎಂದ.

"ಬ್ಯಾರೆ ಕಡೆ ನೋಡ್ಕೋಪಾ" ಎಂದರು ಅತ್ತೆ. "ಅಲ್ಲಿ ಕಾಯಕ ನಡದೈತಿ."